ಚಂದ್ರಕಲಾ ಮೇಡಂ ನೋಡಹೊರಟ ಮರ

ಚಂದ್ರಕಲಾ ಮೇಡಂ ಮಕ್ಕಳಿಗೆ ಎಲೆ ತೋರಿಸುವ ಮೊದಲು ಅದನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ನಮ್ಮ ಕಡೆ ಗಿಡಮರಗಳ ಮೇಲೆ ವರ್ಷದ ಎಂಟು ತಿಂಗಳು ಕಲ್ಲುಗಣಿಗಳ ಪುಡಿ ಕೂತಿರುತ್ತದೆ; ಬೇವು, ಬಸರಿ, ಹೊಂಗೆ ಎಲ್ಲಕ್ಕೂ ಒಂದೇ ಬೂದು ಬಣ್ಣ. ಅವರು ಎಲೆಯನ್ನು ಅಂಗೈಯಲ್ಲಿಟ್ಟು, ಮಗುವಿನ ಮುಖ ಒರೆಸಿದಂತೆ ಒರೆಸಿ, ಹಸಿರು ಕಂಡ ಮೇಲೆ, "ಈಗ ಹೇಳ್ರಿ, ಇವ ಯಾರು?" ಎಂದು ಕೇಳುತ್ತಿದ್ದರು.

ಚಿತ್ತಾಪುರದ ನಮ್ಮ ಶಾಲೆಯಲ್ಲಿ ಅವರು ವಿಜ್ಞಾನ, ನಾನು ಕನ್ನಡ. ಇಬ್ಬರೂ ಸೇಡಂನಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆವು. ಅವರು ಮದುವೆಯಾಗಿರಲಿಲ್ಲ. ಕಿಟಕಿಯ ಪಕ್ಕ ಕೂತು, ಡಬ್ಬಿಯಿಂದ ಹುರಿದ ಶೇಂಗಾ ತೆಗೆದು, ಕೇಳದೆಯೇ ನನ್ನ ಕೈಗೆ ಅರ್ಧ ಸುರಿಯುತ್ತಿದ್ದರು.

ಆ ಜನವರಿಯಲ್ಲಿ ನನ್ನ ಗಂಡ ತೀರಿಕೊಂಡರು. ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ನಾನು ಅಳಲಿಲ್ಲ. ಹದಿನೈದು ದಿನಕ್ಕೆ ಶಾಲೆಗೆ ಹೋದೆ, ಪಾಠ ಮಾಡಿದೆ, ಉಂಡೆ, ಮಲಗಿದೆ. ಯಾರಾದರೂ ಸಮಾಧಾನ ಹೇಳಿದರೆ ಪಕ್ಕದ ಮನೆಯ ರೇಡಿಯೋದಂತೆ ಕೇಳಿಸುತ್ತಿತ್ತು. ಚಂದ್ರಕಲಾ ಮೇಡಂ ಮಾತ್ರ ಸಮಾಧಾನ ಹೇಳಲಿಲ್ಲ. ಒಂದು ದಿನ ಗಾಡಿಯಲ್ಲಿ ಹೊಸ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಾಯಲ್ಲಿ ಹಿಡಿದು, "ನಿಮ್ಮಲ್ಲಿ ಸ್ವೆಟರ್ ಅದ ಏನ್ರಿ?" ಎಂದರು.

ಇದೆ ಎಂದೆ. ಬರೆದುಕೊಂಡರು.

ಕೇರಳದ ಬೆಟ್ಟಗಳ ನಡುವೆ ಒಂದು ರಾಷ್ಟ್ರೀಯ ಉದ್ಯಾನವಿದೆಯಂತೆ. ಅಲ್ಲಿ ನೂರಾರು ವರ್ಷದ ಮರಗಳು. ಒಂದನ್ನು ತಬ್ಬಲು ಏಳು ಜನ ಬೇಕಂತೆ. ದಸರಾ ರಜೆಗೆ ನಾವಿಬ್ಬರೂ ಹೋಗುವುದೆಂದು ಅವರೇ ನಿರ್ಧರಿಸಿದ್ದರು. ನನಗೆ ಹೂಂ ಅನ್ನುವುದಕ್ಕಿಂತ ಬೇಡ ಅನ್ನುವುದಕ್ಕೆ ಹೆಚ್ಚು ಶಕ್ತಿ ಬೇಕಿತ್ತು, ಹೂಂ ಎಂದೆ. ಅಂದಿನಿಂದ ದಿನಕ್ಕೊಂದು ಕೆಲಸ ಹಚ್ಚಿದರು. ಜಿಗಣೆ ಕಚ್ಚದಂಥ ಉದ್ದ ಕಾಲುಚೀಲ ಎಲ್ಲಿ ಸಿಗುತ್ತವೆ ವಿಚಾರಿಸಬೇಕು, ವಾಡಿಯಿಂದ ಯಾವ ಗಾಡಿ ಎಂದು ನೋಡಬೇಕು, ಮಲಯಾಳದಲ್ಲಿ ನೀರು, ದಾರಿ, ಸಾಕು ಎಂಬ ಮೂರು ಮಾತು ಕಲಿಯಬೇಕು. ನಾನು ಹೇಳಿದಷ್ಟು ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ದೊಡ್ಡ ವೃತ್ತ ಬರೆದು, ಅದರ ಮೇಲೆ ಮಕ್ಕಳನ್ನು ಕೈಕೈ ಹಿಡಿಸಿ ನಿಲ್ಲಿಸಿದ್ದರು. ದಾಟಿಹೋಗುತ್ತಿದ್ದ ನನ್ನನ್ನು ಕರೆದು ನಡುವೆ ನಿಲ್ಲಿಸಿ, ಮರ ಇಷ್ಟು ದಪ್ಪ ಇರುತ್ತದೆ, ನಿಮ್ಮ ಟೀಚರ್ ಈಗ ಅದರೊಳಗೆ ಇದ್ದಾರೆ ಎಂದರು. ಮಕ್ಕಳು ನಕ್ಕರು. ಗಂಟೆ ಹೊಡೆದು ಅವರೆಲ್ಲ ಓಡಿದ ಮೇಲೂ ನಾನು ಅಲ್ಲೇ ನಿಂತಿದ್ದೆನಂತೆ. ಕೈಹಿಡಿದು ಕರೆತಂದವರು ಅವರೇ.

ನಡೆದು ರೂಢಿಯಾಗಲೆಂದು ಆಗಸ್ಟಿನ ಒಂದು ಭಾನುವಾರ ಚಿಂಚೋಳಿ ಕಾಡಿಗೆ ಕರೆದೊಯ್ದರು. ಚಂದಾಪುರದಲ್ಲಿ ಬಸ್ಸಿಳಿದು, ಆಟೋ ಹಿಡಿದು, ಅಲ್ಲಿಂದ ನಡಿಗೆ. ಮಳೆ ಬಿದ್ದು ಎಲೆಗಳೆಲ್ಲ ತೊಳೆದಂತಿದ್ದವು. ಅವರು ಹೆಸರು ಹೇಳುತ್ತ ಮುಂದೆ, ನಾನು ಅವರ ಚಪ್ಪಲಿಯ ಹಿಮ್ಮಡಿ ನೋಡುತ್ತ ಹಿಂದೆ. ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ನನಗೆ ಏನೂ ಅನ್ನಿಸುವುದೇ ಇಲ್ಲ, ಕೇರಳಕ್ಕೆ ಬಂದರೂ ಅನ್ನಿಸುವುದಿಲ್ಲ, ನಿಮ್ಮ ಶ್ರಮ ದಂಡ ಎಂದು ಹೇಳಿದೆ.

ಅವರು ಪಕ್ಕದಲ್ಲಿ ಕೂತರು. "ಅನ್ನಿಸ್ಲಿಕ್ಕೇ ಬೇಕಂತ ಯಾರ್ ಹೇಳ್ಯಾರ್ರಿ? ಕಾಲು ನಡೀಲಿಕತ್ತಾವಲ್ಲ, ಈಗ ಅಷ್ಟ ಸಾಕು."

ದಸರಾ ಬಂತು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ನಿಂತಿತು. ಅವರು ಹತ್ತಿ, ನನ್ನ ಚೀಲ ಒಳಗಿಟ್ಟು, ಕೈ ಚಾಚಿದರು. ನನ್ನ ಕಾಲು ಮೇಲೇಳಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಮೆಟ್ಟಿಲನ್ನು ನೋಡುತ್ತ ನಿಂತೆ, ಅಷ್ಟೆ. ಅವರು ಎಳೆಯಲಿಲ್ಲ. ಚೀಲವನ್ನು ಮತ್ತೆ ನನ್ನ ಕೈಗಿಟ್ಟು, "ಮನಿಗಿ ಹೋಗಿ ಉಣ್ರಿ" ಎಂದರು. ಗಾಡಿ ಹೋಯಿತು.

ರಜೆ ಮುಗಿದು ಅದೇ ಕಿಟಕಿಯ ಪಕ್ಕ ಕೂತರು, ಶೇಂಗಾ ಕೊಟ್ಟರು. ನಾನು ಮರದ ಸುದ್ದಿ ಕೇಳಲಿಲ್ಲ. ಅವರೂ ಹೇಳಲಿಲ್ಲ. ಚಳಿಗಾಲದಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು, ಪರೀಕ್ಷೆ ಮಾಡಿಸಿದಾಗ ತಡವಾಗಿತ್ತು. ರಜೆ ಹಾಕಿ ಶಹಾಬಾದಿನ ತಮ್ಮನ ಮನೆ ಸೇರಿದರು.

ಮಾರ್ಚಿನಲ್ಲಿ ನೋಡಲು ಹೋದೆ. ಮಂಚದ ಮೇಲೆ ಅರ್ಧಕ್ಕೆ ಅರ್ಧ ಆಗಿದ್ದರು. ಶಾಲೆಯ ಮಾತು ಮುಗಿಯಿತು. ಏನೂ ತೋಚದೆ, ಆ ಮರ ಹೇಗಿತ್ತು ಎಂದು ಕೇಳಿದೆ.

"ನೋಡ್ಲಿಲ್ರಿ."

ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಕಾಡಿನೊಳಗೆ ಒಬ್ಬರನ್ನೇ ಬಿಡುವುದಿಲ್ಲವಂತೆ. ಇಬ್ಬರಿದ್ದರೆ ಮಾತ್ರ ಗೈಡು ಬರುತ್ತಾನೆ. ಗೊತ್ತಿದ್ದೇ ಹೋಗಿದ್ದರು, ಅಲ್ಲಿ ಯಾರಾದರೂ ಜೊತೆ ಸಿಕ್ಕಾರು ಎಂದು. ಬಂದವರೆಲ್ಲ ಸಂಸಾರಸಮೇತ ಬಂದಿದ್ದರು, ಯಾರ ಜೀಪಿನಲ್ಲೂ ಜಾಗವಿರಲಿಲ್ಲ. ಎರಡು ದಿನ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಕೂತು, ಮಂಜಿನೊಳಗೆ ಬೆಟ್ಟ ಕಂಡಷ್ಟು ನೋಡಿ ಮರಳಿದ್ದರು.

"ರಜಾ ಮುಗದ ಮ್ಯಾಲ ಅಷ್ಟ್ ದಿನ ಗಾಡ್ಯಾಗ ಬಾಜೂಕ ಕುಂತೀನಿ. ಒಮ್ಮಿ ಹೇಳಬಾರದಾ?" ಎಂದೆ.

"ಹೇಳಿದ್ರ ನಿಮಗ ತಟ್ತಿರಲಿಲ್ರಿ ಆಗ. ನೀವಾಗಿ ಕೇಳ್ಲಿ ಅಂತ ಕುಂತಿದ್ದೆ." ದಿಂಬಿಗೆ ತಲೆಯಾನಿಸಿ, "ಇವತ್ತು ಕೇಳಿದ್ರಲ್ಲ," ಎಂದು ಕಣ್ಣು ಮುಚ್ಚಿದರು.

ಅದೇ ಕೊನೆಯ ಭೇಟಿ. ಮರುವಾರ ಅವರು ತೀರಿಕೊಂಡರು, ಮಣ್ಣಿಗೆ ಹೋಗಿಬಂದೆ.

ಆದರೆ ನನಗೆ ನೆನಪಿರುವುದು ಆ ಮಾರ್ಚಿನ ಸಂಜೆ, ಶಹಾಬಾದಿನಿಂದ ಮರಳುವ ಬಸ್ಸು. ಕಂಡಕ್ಟರ್ ಬಂದು ಎಲ್ಲಿಗಿ ಎಂದು ಕೇಳಿದ. ಸೇಡಂ ಎಂದು ಹೇಳಲು ಬಾಯಿ ತೆರೆದೆ, ಮಾತು ಬರಲಿಲ್ಲ. ಅವನು ಮತ್ತೊಮ್ಮೆ ಕೇಳಿದ. ಪಕ್ಕದಲ್ಲಿದ್ದ, ಪರಿಚಯವಿಲ್ಲದ ಹೆಂಗಸು ನನ್ನ ಮುಖ ನೋಡಿ, ಅವನಿಗೆ ಮುಂದೆ ಹೋಗು ಎಂದು ಕೈಮಾಡಿ, ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.