ವೇಲು ‘ಎತ್ತು’ ಎಂದು ಬರೆಯಲಿಲ್ಲ

ತಮಿಳು ಸೀಮೆಯ ತೇವಾರಂ ಊರಿನ ಕನ್ನಡದವರ ಬೀದಿಯಲ್ಲಿ ವೇಲು ಹೊರಗೆ ನಿಂತು ಕೂಗದೆ ನೇರ ಒಳಗೆ ಹೋಗಬಹುದಾಗಿದ್ದ ಮನೆ ಒಂದೇ ಒಂದು, ಅವನ ಚಿಕ್ಕವ್ವ ಚಿನ್ನತಾಯಿಯದು. ಹೆತ್ತವರಿಬ್ಬರೂ ವಾಂತಿಭೇದಿಗೆ ಸಿಕ್ಕಿ ಹೋದಾಗ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂದವಳು ಅವಳೇ. ಅವಳಿಗೆ ಮಕ್ಕಳಾಗಿರಲಿಲ್ಲ. ಪ್ರಶ್ನೆ ಕೇಳುವ ವಿದ್ಯೆ ಕಲಿತ ವರ್ಷ ವೇಲುವಿಗೆ ಆ ಮನೆಯ ಬಾಗಿಲು ಮುಚ್ಚಿಹೋಯಿತು.

ಅದು ೧೮೯೩ನೆಯ ಇಸವಿ. ಗಾಂಜಾ ಸೇದುವವರು ಯಾರು, ತಿನ್ನುವವರು ಯಾರು, ಅದರಿಂದ ನಿಜವಾಗಿ ಬುದ್ಧಿ ಕೆಡುತ್ತದೆಯೇ ಎಂದು ಸರ್ಕಾರ ದೇಶವನ್ನೆಲ್ಲ ವಿಚಾರಿಸುತ್ತಿದ್ದ ಕಾಲ. ದಿಂಡಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ಜೆಯರಾಜ್ ಎಂಬವರು, ವೈದ್ಯಶಾಲೆಯಲ್ಲಿ ಓದು ಮುಗಿಸಿ ಆಗಷ್ಟೇ ಹೊರಬಿದ್ದ ಮೂವರನ್ನು ಈ ಕೆಲಸಕ್ಕೆ ಪಳಗಿಸುತ್ತಿದ್ದರು. ಮೂವರಲ್ಲಿ ವೇಲು ಒಬ್ಬ. ಪಳಗಿಸುವುದೆಂದರೆ ಬೈಯುವುದು. ಜಗಲಿಯ ಮೇಲೆ ಒಬ್ಬ ಗಾಂಜಾ ಸೇದುವವನನ್ನು ಕೂರಿಸಿ, ಶಿಷ್ಯರಿಂದ ಪ್ರಶ್ನೆ ಕೇಳಿಸಿ, ಅವನ ಎದುರಿಗೇ ಅವರ ಮಾನ ತೆಗೆಯುತ್ತಿದ್ದರು.

ಮೊದಲ ದಿನ ಎದುರಿಗೆ ಬಂದು ಕೂತವನು ತೊಗಲು ಹದಮಾಡುವ ಕೆಲಸದವನು. ಅವನ ಬಟ್ಟೆಯ ವಾಸನೆಗೇ ಕಣ್ಣು ಉರಿಯುತ್ತಿತ್ತು. ವೇಲು ಕನಿಕರದಿಂದ, “ಈಗ ಬಿಟ್ಟುಬಿಟ್ಟಿದ್ದೀಯಲ್ಲವಾ?” ಎಂದ.

“ಬಿಟ್ಟೆ ಸಾಮಿ.”

ಜೆಯರಾಜ್ ಎದ್ದು ಬಂದು ಆ ಮನುಷ್ಯನ ಮಡಿಲ ಗಂಟನ್ನು ಬಿಚ್ಚಿಸಿದರು. ಒಳಗೆ ಚಿಲುಮೆ ಇನ್ನೂ ಬೆಚ್ಚಗಿತ್ತು.

“ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ. ಅವನ ಬಾಯಿ ಯಾಕೆ ಬೇಕಿತ್ತು?” ಎಂದು ತಮಿಳಿನಲ್ಲಿ ಅಬ್ಬರಿಸಿದರು. “ಡೇಯ್, ಕಿವಿಗೆ ಬಿದ್ದದ್ದನ್ನು ಬರೆ. ಅವರು ಆಡಿದ ಮಾತು ಹಾಗೇ ಇರಲಿ. ನಿನ್ನ ಬುದ್ಧಿಯನ್ನು ಅದರೊಳಗೆ ತೂರಿಸಿದರೆ ಮಾತ್ರೆ ಅರೆಯಲು ಕಳಿಸುತ್ತೇನೆ.”

ವೇಲು ಆ ಮಾತನ್ನು ಕಚ್ಚಿ ಹಿಡಿದ. ಅವನು ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೂವರಲ್ಲಿ ಅವನೊಬ್ಬನೇ ಬೈಗುಳ ತಪ್ಪಿಸಿಕೊಂಡಿದ್ದ. ಆಗ ಜೆಯರಾಜ್ ಹೇಳಿದರು: “ನಿಮ್ಮೂರಿಗೆ ಹೋಗು. ಆ ಕನ್ನಡದವರು ಪರರ ಎದುರು ತಮಿಳಿನಲ್ಲಿ ಸುಳ್ಳು ಹೇಳುತ್ತಾರೆ. ನಿನಗಾದರೂ ಮನೆಮಾತಿನಲ್ಲಿ ನಿಜ ಹೇಳಲಿ.”

ತೇವಾರಂ ಅವನನ್ನು ಹಲ್ಲು ಕಡಿದು ಬರಮಾಡಿಕೊಂಡಿತು. ಹಿಂದೆ ಈ ಗಿಡದ ಮಾತೆತ್ತಿ ಬಂದಿದ್ದವನು ಒಬ್ಬ ಸರ್ಕಾರಿ ಜವಾನ. ಸಿಕ್ಕ ಗಿಡವನ್ನೆಲ್ಲ ಕಿತ್ತು, ಬೈದು ಹೋಗಿದ್ದ.

“ಯಾರ್ಲಾ ಅದು, ನಮ್ ವೇಲುವಾ?” ಎಂದಳು ಕಲ್ಲುಬಾವಿಯ ಹತ್ತಿರ ನಿಂತಿದ್ದ, ಅದೇ ಬೀದಿಯ ಗೋವಿಂದಮ್ಮಾಳ್, ಬೀದಿಗೆಲ್ಲ ಕೇಳುವಂತೆ. “ನಾಡಿ ಹಿಡಿಯಾಕೆ ಓದಿಸಿದ್ರೆ ನಮ್ ಮಡಿಲು ತಡಕಾಕೆ ಬಂದವ್ನೆ. ಪೋಡಾ!”

ಆದರೂ ಅವರ ಮಾತಿನಲ್ಲೇ ಕೇಳುವವನನ್ನು ಪೂರ್ತಿ ಅಟ್ಟಲಾಗಲಿಲ್ಲ. ಮನೆಯಿಂದ ಮನೆಗೆ ಹೋಗಿ, ಮುಖ ತಿರುವಿದವರನ್ನೂ ಬಿಡದೆ, ವೇಲು ಒಂದೇ ಪ್ರಶ್ನೆ ಕೇಳಿದ: ಈ ಮನೇಲಿ ಆ ಸೊಪ್ಪು ಯಾರ್ ಯಾರ್ ತಿಂತಾರೆ?

ಚಿಕ್ಕವ್ವ ನುಚ್ಚು ಕೇರುತ್ತಾ ಹೇಳಿದಳು: “ಯಾಕಪ್ಪಾ, ನಿನ್ಗೆ ಗೊತ್ತಿಲ್ವಾ? ಮಯಿಲನೂ ಸೆವಲನೂ ತಿಂತಾರೆ. ಹೊತ್ತು ಮುಳುಗ್ದಾಗ ಬೆಲ್ಲದೊಳ್ಗೆ ಉಂಡೆ ಮಾಡಿ ನಾನೇ ಬಾಯಿಗಿಡ್ತೀನಿ. ಮೈಕೈ ನೋವು ಹೋಗಿ ಮಲಗ್ತಾರೆ. ಸಣ್ಣೋನು ಸುಮ್ನಿರ್ತಾನೆ. ಮಯಿಲಂದೇ ಹಟ, ಕೊಡ್ದಿದ್ರೆ ಗೋಡೆಗೆ ತಲೆ ಗುದ್ತಾನೆ.”

ಮಯಿಲ, ಸೆವಲ ಎಂದರೆ ಆ ಮನೆಯ ಎತ್ತುಗಳು. ಒಂದು ಬೂದು, ಒಂದು ಕೆಂಪು. ಬೆಳಗಿನಿಂದ ಬಾವಿಯ ನೀರೆತ್ತುವ ಕಪಿಲೆ ಎಳೆದು ದಣಿದ ಎತ್ತಿಗೆ ಆ ಸೊಪ್ಪು ಕೊಡುವುದು ಅಲ್ಲಿನ ರೂಢಿ. ಕನ್ನಡದ ಆ ಮನೆಗಳಲ್ಲಿ ಎತ್ತನ್ನು ‘ಅದು’ ಎನ್ನುವ ಹೆಂಗಸು ಇರಲಿಲ್ಲ. ಮಯಿಲ ಕರುವಾಗಿದ್ದಾಗಿನಿಂದ ವೇಲುವೂ ಅವನನ್ನು ‘ತಮ್ಮ’ ಎಂದೇ ಕರೆದವನು. ಆದ್ದರಿಂದ ಅವನಿಗೆ ಅನುಮಾನವೇ ಬರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಬರೆದ. ಬೀದಿಯ ಎಲ್ಲ ಮನೆಗಳದೂ ಹಾಗೇ ಬರೆದು, ಕಾಗದವನ್ನು ದಿಂಡಿಗಲ್ಲಿಗೆ ಕಳಿಸಿ, ಚಿಕ್ಕವ್ವನ ಮನೆಯಲ್ಲೇ ಉಂಡು ಮಲಗಿದ.

ವಾರ ಕಳೆಯುವಷ್ಟರಲ್ಲಿ ಜೆಯರಾಜ್ ಆ ಕಾಗದ ಹಿಡಿದು, ಗಾಡಿ ಕಟ್ಟಿಸಿಕೊಂಡು ತಾವೇ ಬಂದಿಳಿದರು. ಮುಖ ಕೆಂಡವಾಗಿತ್ತು. ಬೀದಿಯ ಜನ ಹಿಂದೆಯೇ ಬಂದು ಅಂಗಳದಲ್ಲಿ ತುಂಬಿಕೊಂಡರು. ಚಿನ್ನತಾಯಿಯ ಗಂಡ ಮೂಕಯ್ಯ ಹೊಲದಿಂದ ಓಡಿಬಂದ.

“ನಿನ್ನ ಗಂಡುಮಕ್ಕಳಿಬ್ಬರನ್ನೂ ಹೊರಗೆ ಕರೆ” ಎಂದರು ಜೆಯರಾಜ್.

ಚಿನ್ನತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಮಕ್ಕಳಾ? ಚಿನ್ನತಾಯಿಗಾ?” ಗುಂಪಿನಿಂದ ಗೋವಿಂದಮ್ಮಾಳ್ ನಕ್ಕಳು. “ಯಾವ ಸಾಮಿ ಕೊಟ್ನಮ್ಮ ನಮ್ಗೆ ಗೊತ್ತಿಲ್ದಂಗೆ?”

“ಬಚ್ಚಿಡಬೇಡ” ಎಂದರು ಡಾಕ್ಟರ್. “ಹಟ ಮಾಡುವ ಮಗುವಿನ ಬಾಯಿಗೆ ಬೆಲ್ಲದಲ್ಲಿ ಗಾಂಜಾ ಇಟ್ಟು ಮಲಗಿಸುವ ತಾಯಿ ನೀನೇನಾ? ಈ ಬೀದಿಯ ತಾಯಂದಿರೆಲ್ಲ ಇದನ್ನೇ ಮಾಡುತ್ತೀರಾ?”

ವೇಲುವಿಗೆ ಆಗ ಹೊಳೆಯಿತು. ಮುಂದೆ ನುಗ್ಗಿ ತಮಿಳಿನಲ್ಲಿ ಕೂಗಿದ: “ಅಯ್ಯಾ, ಮಕ್ಕಳಲ್ಲ! ಅದು ಎತ್ತು. ಎರಡೂ ಎತ್ತು ಅಯ್ಯಾ!”

ಜೆಯರಾಜ್ ಕೊಟ್ಟಿಗೆಯ ಕಡೆ ನೋಡಿದರು. ಮಯಿಲ ಮೆಲುಕು ಹಾಕುತ್ತಾ ಅವರನ್ನೇ ನೋಡುತ್ತಿದ್ದ.

“ಕೇಳಿದ್ದನ್ನು ಬರೆದಿದ್ದೀಯ. ಕಂಡದ್ದನ್ನು ಯಾಕೆ ಬರೆಯಲಿಲ್ಲ?”

“ಹೊಸದಾಗಿ ಏನೂ ಕಾಣಲಿಲ್ಲ ಅಯ್ಯಾ.”

ಡಾಕ್ಟರರಿಗೆ ನಗು ಬರಲಿಲ್ಲ. “ಹಾಗಾದರೆ ಬೀದಿಯನ್ನೆಲ್ಲ ಮತ್ತೆ ಕೇಳು. ಎರಡು ಕಾಲಿನವರು ಯಾರು, ನಾಲ್ಕು ಕಾಲಿನವರು ಯಾರು ಎಂದು” ಎಂದು ಗಾಡಿ ಹತ್ತಿದರು.

ಮೂಕಯ್ಯ ಕೊಟ್ಟಿಗೆಯ ಹಿಂದೆ ಹೋಗಿ, ಅಲ್ಲಿದ್ದ ಗಿಡವನ್ನು ಬುಡಸಮೇತ ಕಿತ್ತು ತಂದು ವೇಲುವಿನ ಕಾಲ ಬಳಿ ಒಗೆದ. ಮಣ್ಣು ಅವನ ಪಾದದ ಮೇಲೆ ಚೆಲ್ಲಿತು.

“ಇದನ್ನೂ ಬರ್ಕೋ” ಎಂದ.

“ಚಿಕ್ಕಯ್ಯಾ, ನಾನು ಬೇಕಂತ...”

“ಗಿಡ ಹೋದ್ರೆ ಹೋಗ್ಲಿ” ಎಂದಳು ಚಿನ್ನತಾಯಿ. ಅವಳ ದನಿ ಮೆಲ್ಲಗಿತ್ತು. “ಬೀದಿಯೋರ್ ಮುಂದೆ ನನ್ ಹೊಟ್ಟೆ ಬಗೆದು ತೋರಿಸ್ದೆ, ಅದೂ ಹೋಗ್ಲಿ. ಮಯಿಲ ನಿನ್ಗೆ ‘ಅದು’ ಆದ್ನಾ ವೇಲು?”

ಬಾಗಿಲು ಹಾಕಿಕೊಂಡಳು.

ವೇಲು ಬೀದಿಯನ್ನೆಲ್ಲ ಮತ್ತೆ ಸುತ್ತಿದ. “ಎತ್ತಿನ ಡಾಕ್ಟ್ರು ಬಂದ್ರು, ಬಾಲ ಎತ್ತಿ ನಿಂತ್ಕೊಳ್ರೋ” ಎಂದು ಗಂಡಸರು ಗೇಲಿ ಮಾಡಿದರು; ಒಬ್ಬ ಮುದುಕಿ ಅವನ ಮೇಲೆ ಕಲಗಚ್ಚು ಎರಚಿದಳು. ಅವನು ಒರೆಸಿಕೊಂಡು ಪ್ರಶ್ನೆ ಕೇಳಿದ. ತಿನ್ನುವವರಲ್ಲಿ ಬಹುಪಾಲು ನಾಲ್ಕು ಕಾಲಿನವರೇ ಆದರು. ಒಂದು ಮನೆಯನ್ನು ಮಾತ್ರ ಕೇಳಲಾಗಲಿಲ್ಲ. ಅದನ್ನು ಹಾಗೇ ಜೆಯರಾಜ್ ಎದುರು ಒಪ್ಪಿಕೊಂಡ. ಅವರು ಗೊಣಗಿದರು, ಆದರೆ ಮಾತ್ರೆ ಅರೆಯಲು ಕಳಿಸಲಿಲ್ಲ.

ಪೊಂಗಲಿನ ಮರುದಿನ, ಎತ್ತುಗಳ ಹಬ್ಬಕ್ಕೆ, ವೇಲು ದಿಂಡಿಗಲ್ಲಿನಿಂದ ಎರಡು ಹೊಸ ಮೂಗುದಾರ ತಂದ. ಈ ಸಲ ಪರರ ಹಾಗೆ ಅಂಗಳದ ಹೊರಗೇ ನಿಂತ. ಚಿನ್ನತಾಯಿ ಮಯಿಲನ ಕೊಂಬಿಗೆ ಬಣ್ಣ ಬಳಿಯುತ್ತಿದ್ದಳು. ಅವನನ್ನು ಕಂಡಳು, ಕಾಣದವಳಂತೆ ಇದ್ದಳು. ಬಿಸಿಲು ಏರಿತು. ಎರಡು ಕೊಂಬಿಗೂ ಬಣ್ಣವಾದ ಮೇಲೆ ಅವಳು ಎತ್ತಿನ ಕಿವಿಯ ಹತ್ತಿರ ಬಾಗಿ ಹೇಳಿದಳು:

“ಮಯಿಲಾ, ಹೊರ್ಗೆ ನಿಂತವ್ನಲ್ಲ ನಿಮ್ಮಣ್ಣ, ಊರೆಲ್ಲ ಕೇಳೋನು, ಅವನ್ನ ಯಾರೂ ಕೇಳ್ಳಿಲ್ಲ ಅನ್ಸುತ್ತೆ. ನೀನೇ ಕೇಳು, ಗಂಜಿ ಕುಡೀತಾನಾ ಅಂತ.”

ಮಯಿಲ ಮೆಲುಕು ಹಾಕುತ್ತಲೇ ಇದ್ದ.

“ಕುಡೀತೀನಿ ಅಂತ ಹೇಳು ತಮ್ಮಾ” ಎಂದ ವೇಲು.

ಅವಳು ಅವನ ಕಡೆ ತಿರುಗದೆ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.