ಇಡ್ಲಿ ಊಟವಲ್ಲ

ಎಪ್ಪತ್ತರ ದಶಕದ ಕೊನೆಯಲ್ಲಿ ಹೆಬ್ಬಾಳದ ಆಚೆಗಿದ್ದ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಅರಿವಳಿಕೆ ಡಾಕ್ಟರಾಗಿದ್ದೆ. ಅರಿವಳಿಕೆ ಎಂಬ ಮಾತು ಪುಸ್ತಕದಲ್ಲಿತ್ತು, ಅಷ್ಟೆ. ಜನರ ಬಾಯಲ್ಲಿ ನಾನು ‘ಮತ್ತು ಕೊಡೋ ಅಮ್ಮ’. ಆಪರೇಷನ್ ಮಾಡಿದ ಸರ್ಜನ್ನರಿಗೆ ಬಾಗಲೂರಿನಿಂದ ಹುರುಳಿಕಾಯಿ, ಹೆಸರಘಟ್ಟದಿಂದ ಬೆಣ್ಣೆ ಬರುತ್ತಿತ್ತು. ನನ್ನ ಮುಖ ನೋಡಿದವರೆಲ್ಲ ಮರುಕ್ಷಣ ನಿದ್ದೆಹೋಗುತ್ತಿದ್ದರು, ಎದ್ದ ಮೇಲೆ ನಾನು ಯಾರೋ ಅವರು ಯಾರೋ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ; ಬೆಣ್ಣೆಯ ವಿಷಯದಲ್ಲಂತೂ ಇತ್ತು.

ಆರ್.ಟಿ. ನಗರದಲ್ಲಿ ಮಹಡಿ ಮೇಲಿನ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಸುತ್ತ ಖಾಲಿ ಸೈಟುಗಳು, ಆಳೆತ್ತರದ ಪಾರ್ಥೇನಿಯಂ. ಈಥರ್ ವಾಸನೆ ಸೀರೆಗೆ ಹತ್ತಿಕೊಂಡಿರುತ್ತಿದ್ದರಿಂದ ಬಸ್ಸಿನಲ್ಲಿ ಪಕ್ಕ ಕೂತವರು ಸ್ವಲ್ಪ ಹೊತ್ತಿಗೆ ಎದ್ದು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು. ಹಗಲೆಲ್ಲ ಪ್ರಜ್ಞೆ ಇಲ್ಲದವರ ತಲೆದೆಸೆಯಲ್ಲಿ ಕೂತಿದ್ದು, ಸಂಜೆ ಯಾರೂ ಇಲ್ಲದ ಕೋಣೆಯ ಬೀಗ ತೆಗೆಯುವುದು. ಇದಕ್ಕೆ ಒಂಟಿತನ ಎನ್ನುತ್ತಾರೆಂದು ನನಗೆ ಗೊತ್ತಿತ್ತು, ಬೇರೆ ಚಂದದ ಹೆಸರು ಹುಡುಕಲು ಹೋಗಲಿಲ್ಲ.

ಆಗ ತಾಲ್ಲೂಕುಗಳಲ್ಲಿ ಮತ್ತು ಕೊಡುವವರೇ ಇರಲಿಲ್ಲ. ಹೆರಿಗೆ ಕಷ್ಟವಾದರೆ ಹೆಂಗಸನ್ನು ಲಾರಿಯಲ್ಲಿ ಮಲಗಿಸಿ ದೂರದ ಊರಿಗೆ ಕಳಿಸಬೇಕಿತ್ತು. ಅದಕ್ಕೇ ಅಲ್ಲಿನ ಡಾಕ್ಟರುಗಳನ್ನು ಕೆಲವು ತಿಂಗಳ ಮಟ್ಟಿಗೆ ನನ್ನ ಬಳಿ ಕಲಿಯಲು ಕಳಿಸುತ್ತಿದ್ದರು. ಬಂದವರೆಲ್ಲ ಸರ್ಜನ್ ಆಗುವ ಕನಸಿನವರು, ನನ್ನ ಪಾಠವನ್ನು ಬಸ್ಸಿಗೆ ಕಾಯುವವರ ಹಾಗೆ ಕೇಳಿ ಹೊರಟುಹೋಗುತ್ತಿದ್ದರು. ರಾಯಚೂರು ಕಡೆಯ ತಾಲ್ಲೂಕು ಆಸ್ಪತ್ರೆಯಿಂದ ಬಂದ ಹುಡುಗಿ ಮಾತ್ರ ಬೇರೆ ಥರ. ಡಾಕ್ಟರಾಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ.

ಮತ್ತು ಕೊಡುವ ನಮ್ಮ ಮೆಷಿನ್ನು ಹಳೆಯದು, ಆಕ್ಸಿಜನ್ ಸಿಲಿಂಡರಿನ ಮೀಟರ್ ಮುಳ್ಳು ಮನಸ್ಸು ಬಂದಂತೆ ತೋರಿಸುತ್ತಿತ್ತು. ಮುಳ್ಳನ್ನು ನಂಬಬೇಡ, ಬೆರಳನ್ನು ನಂಬು ಎನ್ನುತ್ತಿದ್ದೆ. ರೋಗಿಯ ಗದ್ದವನ್ನು ಎತ್ತಿ ಹಿಡಿದು, ಅದೇ ಕೈಯ ಕಿರುಬೆರಳನ್ನು ದವಡೆಯ ಅಂಚಿನ ನಾಡಿಗೆ ತಾಗಿಸಿಕೊಂಡು ಕೂರುವುದು ನಾನು ಕಲಿಸುತ್ತಿದ್ದ ಮೊದಲ ಪಾಠ. ಅವಳು ಕಾಫಿ ಹೊತ್ತಿನಲ್ಲಿ ನನ್ನ ಗದ್ದವನ್ನೇ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಯಾರಾದರೂ ನನ್ನ ಮುಖ ಮುಟ್ಟಿ ಎಷ್ಟು ಕಾಲವಾಗಿತ್ತೋ. ಮಧ್ಯಾಹ್ನ ಅವಳ ಡಬ್ಬಿಯ ಕಡಕ್ ರೊಟ್ಟಿ ಮುರಿದುಕೊಂಡು ಇಬ್ಬರೂ ಹರಟುತ್ತಿದ್ದೆವು. ಇವಳು ಇಲ್ಲೇ ಇದ್ದುಬಿಟ್ಟರೆ ಎಂಬ ಆಸೆ ನನಗೆ ಹುಟ್ಟಿದ್ದು ಆಗಲೇ.

ಒಂದು ಬೆಳಗ್ಗೆ ಬಾಗಲೂರಿನ ಒಬ್ಬ ರೈತನಿಗೆ ಹರ್ನಿಯಾ ಆಪರೇಷನ್. ಮತ್ತು ಕೊಡುವುದು ಅವಳು, ನಾನು ಹಿಂದೆ ನಿಂತಿದ್ದೆ. ಹೊಟ್ಟೆ ಖಾಲಿ ಇದೆಯೋ ಎಂದು ತಿಳಿಯಲು ಅವಳು ತನ್ನೂರ ಮಾತಿನಲ್ಲಿ ಊಟ ಆಗೇದೇನ್ರಿ ಎಂದು ಕೇಳಿದಳು, ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತು ಏರುತ್ತಿದ್ದಂತೆ ಅವನ ಗಂಟಲು ಗೊರಗೊರ ಎಂದಿತು, ಬಾಯಿಂದ ಬೆಳ್ಳಗೆ ಏನೋ ಉಕ್ಕಿತು. ಅದು ಶ್ವಾಸಕೋಶಕ್ಕೆ ಇಳಿದರೆ ಕಥೆ ಮುಗಿಯಿತು. ಟೇಬಲ್ಲಿನ ತಲೆಭಾಗ ತಗ್ಗಿಸಿ, ಅವನ ಮುಖ ಪಕ್ಕಕ್ಕೆ ತಿರುಗಿಸಿ, ಕಾಲಿನಿಂದ ತುಳಿಯುವ ಪಂಪಿನಲ್ಲಿ ನಾನು ಎಲ್ಲವನ್ನೂ ಎಳೆದು ತೆಗೆದೆ. ಅವನು ಕೆಮ್ಮಿದ, ತುಟಿ ಮತ್ತೆ ಕೆಂಪಾಯಿತು. ಆಪರೇಷನ್ ಮುಂದಿನ ವಾರಕ್ಕೆ ಹೋಯಿತು.

ಹೊರಗೆ ಕೂತಿದ್ದ ಅವನ ಹೆಂಡತಿಯನ್ನು ಕೇಳಿದೆ. “ಊಟ ಎಲ್ ಮಾಡವ್ರೆ ಅಮ್ಮಾ? ಓಟ್ಲಲ್ಲಿ ಎಲ್ಡ್ ಇಡ್ಲಿ ತಿಂದವ್ರೆ, ಅಷ್ಟೆಯ,” ಎಂದಳು. ಅವನು ಹೇಳಿದ್ದು ಸುಳ್ಳೇನಲ್ಲ. ನಮ್ಮ ಕಡೆ ಊಟವೆಂದರೆ ಮುದ್ದೆ, ಇಲ್ಲವೇ ಅನ್ನ. ಇಡ್ಲಿ ತಿಂಡಿ. ಒಪ್ಪತ್ತಿನ ದಿನ ತಟ್ಟೆ ತುಂಬ ಉಪ್ಪಿಟ್ಟು ತಿಂದು ಉಪವಾಸ ಎಂದುಕೊಳ್ಳುವ ಜನ ನಾವು.

ನನ್ನ ಹುಡುಗಿ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. “ನನ್ನಿಂದ ಆಗೂದಿಲ್ರಿ ಮೇಡಂ. ಊರಿಗೆ ಹೋಗಿ ಜ್ವರಕ್ಕ ಗುಳಿಗಿ ಕೊಟ್ಕೊಂಡು ಇರ್ತೀನಿ.”

ನನಗೆ ಸಿಟ್ಟು ಬಂತು. “ಅವನ ಗಂಟಲು ಗೊರಗೊರ ಅಂದಾಗ ನಿನ್ ಕೈ ಎಲ್ಲಿತ್ತು? ಗದ್ದ ಬಿಡ್ಲಿಲ್ಲ ತಾನೆ? ಈ ಕೆಲಸ ಅಂದ್ರೆ ಅಷ್ಟೇ ಕಣಮ್ಮ,” ಎಂದೆ. ಆಮೇಲೆ, ಊಟ ಎಂಬ ಪದವನ್ನೇ ಬಿಟ್ಟುಬಿಡು, ಕಾಫಿ, ಇಡ್ಲಿ, ಕಡ್ಲೆಪುರಿ, ದೇವರ ಪ್ರಸಾದ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳು ಎಂದು ಹೇಳಿಕೊಟ್ಟೆ. ಮುಂದಿನ ವಾರ ಅದೇ ರೈತನಿಗೆ ಅವಳೇ ಮತ್ತು ಕೊಟ್ಟಳು. ಬರುಬರುತ್ತಾ ನಾನು ಬಾಗಿಲ ಬಳಿ ಪೇಪರು ಹಿಡಿದು ಕೂರುವಂತಾಯಿತು, ಓದುತ್ತಿದ್ದವಳ ಹಾಗೆ ನಟಿಸುತ್ತಾ.

ತರಬೇತಿ ಮುಗಿಯುವ ಹೊತ್ತಿಗೆ ಸೂಪರಿಂಟೆಂಡೆಂಟರು ನನ್ನನ್ನು ಕರೆದರು. ಹುಡುಗಿ ಅಲ್ಲಿ ಒಬ್ಬಳೇ ನಿಭಾಯಿಸುತ್ತಾಳೋ, ಇಲ್ಲ ಇನ್ನೂ ಕಲಿಯಬೇಕೋ ಎಂದು ಕೇಳಿದರು. ಕಲಿಯಬೇಕು ಎಂದಾದರೆ ನಿಮ್ಮ ಸಹಾಯಕಿಯ ಜಾಗ ಖಾಲಿ ಇದೆ, ಇಲ್ಲೇ ಇಟ್ಟುಕೊಳ್ಳೋಣ ಎಂದರು. ಅವಳನ್ನು ಕೇಳಿದರೆ ಮೇಡಂ ಹೇಳಿದಂತೆ ಎಂದಿದ್ದಳಂತೆ. ಇನ್ನೂ ಸಾಲದು ಎಂದು ನಾನು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಕಳಿಸಿ ಸಾರ್,” ಎಂದೆ. “ಒಬ್ಬಳೇ ಮಾಡ್ತಾಳೆ.”

ಯಲಹಂಕ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆ. ಮೊದಮೊದಲು ಆಸ್ಪತ್ರೆಯ ಆಫೀಸಿಗೆ ಅವಳ ಟ್ರಂಕ್ ಕಾಲ್ ಬರುತ್ತಿತ್ತು. ಬಿಪಿ ಇಳಿಯಿತು ಏನು ಮಾಡಲಿ, ಉಬ್ಬಸದವರಿಗೆ ಏನು ಕೊಡಲಿ. ನಾನು ಓಡಿಹೋಗಿ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದೆ. ಆ ದಿನಗಳಲ್ಲಿ ಕೋಣೆಗೆ ಹೋಗಲು ನನಗೆ ಬೇಸರವೇ ಆಗುತ್ತಿರಲಿಲ್ಲ. ಆಮೇಲೆ ಕಾಲ್‌ಗಳು ಅಪರೂಪವಾದವು.

ಒಂದು ಸಂಜೆ ಬಂದ ಕಾಲ್‌ನಲ್ಲಿ ಒಂದು ಕಷ್ಟದ ಸಿಸೇರಿಯನ್ನಿನ ವಿಷಯ ಹೇಳಿದಳು. ತಾಯಿಗೆ ಬಹಳ ರಕ್ತ ಹೋಗಿತ್ತು, ಇಬ್ಬರೂ ಉಳಿದಿದ್ದಾರೆ. ನಾನು ಅವಳ ಪ್ರಶ್ನೆಗೆ ಕಾಯುತ್ತಿದ್ದೆ. ಅದು ಬರಲೇ ಇಲ್ಲ.

“ಏನಾದ್ರೂ ಕೇಳೋದಿತ್ತಾ?” ಎಂದೆ.

“ಇಲ್ರಿ ಮೇಡಂ, ಹೇಳೂದಿತ್ತು ಅಷ್ಟ.”

ಅದೇ ಕೊನೆಯ ಕಾಲ್. ನಾನು ಕಲಿಸಿದ್ದು ಅವಳಿಗೆ ಬಂದಿತ್ತು, ಇನ್ನು ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಬಹಳ ಕಾಲ ಆಫೀಸಿನ ಮುಂದೆ ಹಾದು ಹೋಗುವಾಗ ನಾನು ಹೆಜ್ಜೆ ನಿಧಾನ ಮಾಡುತ್ತಿದ್ದೆ.