ಎಡಗೈ ಕೊಡುವ ಊರು

ವಯಸ್ಸಾದ ಗಂಡಸೊಬ್ಬರು ನನ್ನತ್ತ ಎಡಗೈ ಚಾಚಿದರು. ನಾನು ಬಲಗೈ ಕೊಟ್ಟೆ. ತೋಳುಗಳು ಅಡ್ಡಡ್ಡ ಸಿಕ್ಕಿಕೊಂಡವು, ಹಿಂದಿನಿಂದ ಬರುತ್ತಿದ್ದವರು ನನ್ನ ಬೆನ್ನಿಗೆ ಬಡಿದರು, ಇಡೀ ಸಾಲು ನಿಂತಿತು. ಪಿಟೀಲು ಮಾತ್ರ ನಿಲ್ಲಲಿಲ್ಲ. ಹುಬ್ಬಳ್ಳಿಯಲ್ಲಿ ಬೆಳೆದವಳಿಗೆ ಎದುರಿನವರತ್ತ ಎಡಗೈ ನೀಡುವುದು ಅವಮಾನ ಮಾಡಿದ ಹಾಗೆ. ಇಲ್ಲಿ ಅದನ್ನು ನೀಡದಿದ್ದರೆ ಕುಣಿತವೇ ಮುಂದೆ ಹೋಗದು.

ಇಂಗ್ಲೆಂಡಿನ ಉತ್ತರದ ಈ ಸಣ್ಣ ಊರಿಗೆ ನಾನು ಆಸ್ಪತ್ರೆಯ ನರ್ಸ್ ಆಗಿ ಬಂದೆ. ಜೋನ್ ಎಂಬವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಮೊದಲ ಸಲ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗ, ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ಜೋನ್ ಹೋಗಿ ಬಾಗಿಲು ತೆರೆದು ನೋಡಿದ್ದರು. ಆ ಸಂಜೆ ಪಕ್ಕದ ಜೋಡಿಯಲ್ಲಿ ನಿಂತು ಎಡಗೈ ಚಾಚಿದವರು ಅವರ ಗಂಡ ಆರ್ಥರ್. ಜೋನ್ ಅವರ ಮೊಣಕಾಲುಗಳು ಸೋತಿದ್ದವು. ಮಂಗಳವಾರ ಸಂಜೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ನಡೆಯುವ ಹಳೆಯ ಹಳ್ಳಿ ಕುಣಿತಕ್ಕೆ ಗಂಡನ ಜೊತೆ ನನ್ನನ್ನು ಕಳಿಸಿದರು.

ಇಲ್ಲಿ ಅಂಗಡಿಯವರು, ಬಸ್ಸಿನವರು ಎಲ್ಲರೂ ನನ್ನನ್ನು 'ಲವ್' ಎಂದೇ ಕರೆಯುತ್ತಾರೆ. ನಮ್ಮಲ್ಲಿ 'ಯವ್ವಾ' ಅಂದ ಹಾಗೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಬಸ್ ಡ್ರೈವರ್ ನಿನಗ ಲವ್ ಅಂತಾನ? ಯಾರ ಮುಂದೂ ಹೇಳಬ್ಯಾಡ ನಮ್ಮವ್ವಾ, ಕಾಕಾ ನಾಳೆನ ವಿಮಾನ ಹತ್ತಿ ಬಂದಾನು," ಎಂದು ನಕ್ಕಳು. "ಮತ್ತ ಗಂಡಸರ ಕೈ ಹಿಡ್ಕೊಂಡು ಕುಣ್ಯಾಕತ್ತಿ ಅಂತಲ್ಲ?"

"ಎಂಬತ್ತು ದಾಟ್ಯಾವ ಅಕ್ಕಾ ಅವರಿಗೆ."

"ಹಂಗಾದ್ರ ಗಟ್ಟಿ ಹಿಡ್ಕೋ. ಬಿದ್ದಾರು."

ಶಾಲೆಯಲ್ಲಿ ನಾವು ಕೋಲಾಟ ಆಡುತ್ತಿದ್ದೆವು. ಅಲ್ಲಿ ಕೋಲಿಗೆ ಕೋಲು ತಾಗುತ್ತದೆ, ಕೈಗೆ ಕೈ ತಾಗುವುದಿಲ್ಲ. ಇಲ್ಲಿ ಎರಡು ಸಾಲು ಎದುರುಬದುರು ನಿಂತು, ಇಬ್ಬಿಬ್ಬರ ಎರಡು ಜೋಡಿ ಸೇರಿ ಕುಣಿಯುತ್ತವೆ. ಕಷ್ಟದ ತಿರುವು ಕೊನೆಗೆ ಬರುತ್ತದೆ. ಜೊತೆಗಾರರಿಗೆ ಬಲಗೈ ಕೊಟ್ಟು ದಾಟಬೇಕು, ಪಕ್ಕದವರಿಗೆ ಎಡಗೈ, ಮತ್ತೆ ಜೊತೆಗಾರರಿಗೆ ಬಲಗೈ. ಆಗ ಎಡಗೈ ತಾನಾಗಿ ಮೇಲೇಳುತ್ತದೆ. ಏಳಬಾರದು. ಇಷ್ಟು ಹೊತ್ತು ಜೊತೆಗಿದ್ದ ಆ ಜೋಡಿಗೆ ಬೆನ್ನು ಮಾಡಿ, ಸಾಲಿನಲ್ಲಿ ಮುಂದಿರುವ ಹೊಸಬರತ್ತ ತಿರುಗಬೇಕು.

"ಕೈ ನೋಡಬೇಡ, ಮುಂದೆ ಬರುವವರ ಕಣ್ಣು ನೋಡು," ಎಂದು ಆರ್ಥರ್ ಕಲಿಸಿದರು. ಒಂದು ಸಂಜೆ ಒಂದೂ ತಪ್ಪಿಲ್ಲದೆ ಸಾಲಿನ ಕೊನೆ ಮುಟ್ಟಿದೆ. ಆರ್ಥರ್ ನನ್ನ ಹೆಸರು ಕೂಗಿದರು. ಈ ಊರಿಗೆ ಬಂದ ಮೇಲೆ ಯಾರೂ ಅದನ್ನು ಅಷ್ಟು ಜೋರಾಗಿ ಕರೆದಿರಲಿಲ್ಲ.

ಚಳಿಗಾಲದಲ್ಲಿ ಆರ್ಥರ್‌ಗೆ ಮರೆಯತೊಡಗಿತು. ಬಲಗೈ, ಎಡಗೈ, ಬಲಗೈ ಸರಿಯಾಗಿ ಬರುತ್ತಿತ್ತು. ಆಮೇಲೆ ಅವರು ತಿರುಗುತ್ತಿರಲಿಲ್ಲ. ಬೆನ್ನು ಮಾಡಿ ಹೋದವರತ್ತ ಎಡಗೈ ಚಾಚಿ ನಿಲ್ಲುತ್ತಿದ್ದರು. ಹೊಸ ಜೋಡಿಯವರು ಮಾತಾಡದೆ ಭುಜಕ್ಕೆ ಅಂಗೈ ಇಟ್ಟು ತಿರುಗಿಸುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಜೋನ್‌ಗೆ ಹೇಳಿದಾಗ, "ನನಗೆ ಗೊತ್ತು. ಅಲ್ಲಿ ಹೇಳಬೇಡ, ಲವ್. ಅವರಿಗೆ ಉಳಿದಿರುವುದು ಅದೊಂದೇ ಸಂಜೆ," ಎಂದರು.

ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ. ಒಂದು ಮಂಗಳವಾರ ರೂತ್ ಎಂಬ ಹೆಂಗಸು ಆರ್ಥರ್‌ಗೆ ಬೆನ್ನು ಮಾಡಿ ಹೊಸಬರತ್ತ ತಿರುಗಿದ್ದರು. ಆರ್ಥರ್ ಕೈ ಚಾಚಿದರು. ಎದುರಿನಿಂದ ಕೈ ಬರಲಿಲ್ಲ. ಅವರು ರೂತ್ ಅವರ ತೋಳು ಹಿಡಿದು ಹಿಂದಕ್ಕೆ ಎಳೆದರು. ಸಿಟ್ಟಿನಿಂದಲ್ಲ, ಬಿಟ್ಟು ಹೋದವರನ್ನು ಕರೆದುಕೊಳ್ಳುವಂತೆ. ರೂತ್ ಹಿಮ್ಮುಖವಾಗಿ ಬಿದ್ದರು. ಮಣಿಕಟ್ಟು ಮುರಿದ ಸದ್ದು ಪಿಟೀಲಿನ ನಡುವೆಯೂ ಕೇಳಿತು. ನಾನು ನೆಲಕ್ಕೆ ಕೂತು ಆ ಕೈಗೆ ಆಸರೆ ಕೊಟ್ಟೆ. ತಲೆಯೆತ್ತಿದಾಗ ಆರ್ಥರ್ ಅಲ್ಲೇ ನಿಂತಿದ್ದರು. ಎಡಗೈ ಇನ್ನೂ ಚಾಚಿಯೇ ಇತ್ತು.

ಚಹಾ ಮಾಡುವ ಕೋಣೆಯಲ್ಲಿ ಕುಣಿತ ನಡೆಸುವ ಹೆಲೆನ್ ನನ್ನನ್ನು ಕೇಳಿದರು: "ನೀವು ನರ್ಸ್. ಆರ್ಥರ್ ಮನೆಯಲ್ಲೇ ಇರುತ್ತೀರಿ. ಅವರು ಇನ್ನು ಸಾಲಿನಲ್ಲಿ ನಿಲ್ಲಬಹುದೇ?"

ಬಾಗಿಲಾಚೆ ಆರ್ಥರ್ ತಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ಕಾಜ ತಪ್ಪಿಸಿ ಹಾಕುತ್ತಿದ್ದರು.

"ನಿಲ್ಲಬಾರದು," ಎಂದೆ.

ಆ ವಾರವೇ ಹೆಲೆನ್ ಮನೆಗೆ ಬಂದು, ನನ್ನ ಮಾತನ್ನೂ ತಿಳಿಸಿ, ಆರ್ಥರ್ ಇನ್ನು ಕುಣಿತಕ್ಕೆ ಬರುವುದು ಬೇಡವೆಂದು ಹೇಳಿ ಹೋದರು. ಜೋನ್ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಕೆಲವು ದಿನ ಬಿಟ್ಟು, "ನೀನು ಹೇಳಿದ್ದು ಸರಿ. ಆದರೆ ಬೇರೆ ಕೋಣೆ ನೋಡಿಕೊಳ್ತೀಯಾ? ದಿನಾ ನಿನ್ನ ಮುಖ ನೋಡುವುದು ನನ್ನಿಂದ ಆಗ್ತಿಲ್ಲ," ಎಂದರು. ಪೆಟ್ಟಿಗೆ ಇಳಿಸುವಾಗ ಆರ್ಥರ್ ಬಾಗಿಲು ಹಿಡಿದು ನಿಂತು, "ಮಂಗಳವಾರ ಸಿಗೋಣ, ಲವ್," ಎಂದರು. ಸದಾ ಹೆಸರು ಹಿಡಿದೇ ಕರೆಯುತ್ತಿದ್ದ ಅವರಿಗೆ ನನ್ನ ಹೆಸರು ಮರೆತುಹೋಗಿತ್ತೆಂದು ಆಗ ತಿಳಿಯಿತು.

ಈ ಸಂಕ್ರಾಂತಿಗೆ ರಜೆ ಹಾಕಿ ಹುಬ್ಬಳ್ಳಿಗೆ ಬಂದೆ. ಸಂಜೆ ಅಕ್ಕನ ಮನೆಗೆ ಓಣಿಯ ಹೆಂಗಸರು ಕುಸುರೆಳ್ಳು ಹಂಚಲು ಬಂದರು. ಒಬ್ಬರಿಂದ ಬಲಗೈಯಲ್ಲಿ ಇಸಿದುಕೊಂಡೆ. ಮರುಕ್ಷಣ ಪಕ್ಕದ ಮನೆ ಕಾಕು ಎದುರು ಬಂದರು. ನನ್ನ ಎಡಗೈ ತಾನಾಗಿ ಮುಂದೆ ಹೋಯಿತು.

ಕಾಕು ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಅಯ್ಯ, ಹಬ್ಬದ ದಿನ ಎಡಗೈ ಮುಂದ ಮಾಡ್ತೀಯಲ್ಲವ್ವಾ! ಅಲ್ಲಿ ಹೋಗಿ ಎಲ್ಲಾ ಮರತಿ ಏನು?"

ಎಲ್ಲರೂ ನಕ್ಕರು. "ಮರತಿಲ್ಲ ಕಾಕು," ಎಂದೆ. ಅಕ್ಕ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಆ ಕೈಯನ್ನು ಎಲ್ಲಿ ಇಡಬೇಕೆಂದು ಮಾತ್ರ ನನಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. ಅದು ಅಲ್ಲೇ ಚಾಚಿಕೊಂಡು ಇತ್ತು.